ಜಾಸ್ತಿ ಹೊತ್ತು ನಿಂತವರಿಗೆ ಕಡಿಮೆ ಗಂಟೆ

ನೈಟ್ ಶಿಫ್ಟ್‌ನ ಹಾಜರಿ ಶೀಟ್ ನೋಡಿಕೊಳ್ಳುವವರು ಇದನ್ನೊಂದು ಸಲ ಓದಲಿ ಅಂತ ಬರೆಯುತ್ತಿದ್ದೇನೆ. ನಮ್ಮ ಎಕ್ಸೆಲ್ ಶೀಟಿನ ಒಂದು ಫಾರ್ಮುಲಾ ಹೆಚ್ಚಿನ ದಿನ ಸರಿಯಾದ ಉತ್ತರ ಕೊಡುತ್ತಲೇ ಜನರ ಗಂಟೆ ತಿನ್ನುತ್ತಿತ್ತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ನಮ್ಮಲ್ಲಿ ನೈಟ್ ಅಂದರೆ ರಾತ್ರಿ 8ರಿಂದ ಬೆಳಗ್ಗೆ 8. ಇನ್ ಒಂದು ಕಾಲಂ, ಔಟ್ ಒಂದು ಕಾಲಂ, ಪಕ್ಕದಲ್ಲಿ ಗಂಟೆ. ನಾನು ಸೇರುವ ಮೊದಲಿನಿಂದಲೂ ಅದೇ ಶೀಟ್. ಪೇರೋಲ್ (ಸಂಬಳದ ಲೆಕ್ಕ) ಲಾಕ್ ಆಗುವ ದಿನ ಸಂಜೆ ಮೇಂಟೆನೆನ್ಸ್‌ನ ಹಿರಿಯ ಟೆಕ್ನಿಷಿಯನ್ ಒಬ್ಬರು ಓಟಿ (ಓವರ್‌ಟೈಮ್) ಲಿಸ್ಟ್ ಹಿಡಿದುಕೊಂಡು ಬಂದರು. "ಮೇಡಂ, ರಿಲೀವರ್ ಬರಲಿಲ್ಲ ಅಂತ ಅವತ್ತು 9 ಗಂಟೆವರೆಗೆ ನಿಂತಿದ್ದೆ. ಓಟಿ ಹಾಗಿರಲಿ, ಇದ್ದ ಗಂಟೇನೂ ಕಟ್ ಆಗಿದೆಯಲ್ಲ?" ಲಿಸ್ಟಿನಲ್ಲಿ 11:00 ಅಂತಿತ್ತು. ಇರಬೇಕಾದದ್ದು 13.

ಶಿಫ್ಟ್ ಇನ್‌ಚಾರ್ಜ್ ಮಸ್ಟರ್ (ಹಾಜರಿ ಪುಸ್ತಕ) ತರಿಸಿದರು. ಎಂಟ್ರಿ ಸರಿಯಾಗಿತ್ತು. ಗೇಟ್ ರಿಜಿಸ್ಟರ್ ನೋಡಿದೆವು, ಅದೂ ಸರಿ. ಅಷ್ಟರಲ್ಲಿ ಅಕೌಂಟ್ಸ್‌ನಿಂದ ಎರಡು ಸಲ ಫೋನ್ ಬಂತು. "13 ಅಂತ ಟೈಪ್ ಮಾಡಿಬಿಡಿ, ಮಿಕ್ಕಿದ್ದು ಮುಂದಿನ ತಿಂಗಳು ನೋಡೋಣ" ಅಂದರು ಇನ್‌ಚಾರ್ಜ್. ಅವರ ಮಾತಿನಲ್ಲಿ ತಪ್ಪಿಲ್ಲ, ಅವರಿಗೂ ಒತ್ತಡ ಇತ್ತು. ಆದರೆ ಅದರ ಮೇಲಿನ ಸಾಲು ನನ್ನ ಕಣ್ಣಿಗೆ ಬಿತ್ತು. ಅಲ್ಲಿ ಔಟ್ 8:30, ಗಂಟೆ 11:30. ಇಡೀ ಲಿಸ್ಟನ್ನು ಔಟ್ ಪ್ರಕಾರ ಸಾರ್ಟ್ ಮಾಡಿದೆ. 7ಕ್ಕೆ ಹೋದವರಿಗೆ 13 ಗಂಟೆ. 8ಕ್ಕೆ ಹೋದವರಿಗೆ 12. 9ಕ್ಕೆ ಹೋದವರಿಗೆ 11. ಹೊತ್ತು ಏರಿದಂತೆ ಗಂಟೆ ಇಳಿಯುತ್ತಾ ಹೋಗಿತ್ತು. ಟೆಕ್ನಿಷಿಯನ್ ನನ್ನ ಹಿಂದೆಯೇ ನಿಂತು ನೋಡುತ್ತಿದ್ದರು. ಯಾರೂ ಒಂದು ನಿಮಿಷ ಮಾತಾಡಲಿಲ್ಲ.

ಸೆಲ್ ಒಳಗೆ ನೋಡಿದರೆ, ಔಟ್‌ನಿಂದ ಇನ್ ಕಳೆದು, ಹೊರಗೆ ಎಬಿಎಸ್ (ABS, ಮೈನಸ್ ಚಿಹ್ನೆ ತೆಗೆಯುವ ಫಂಕ್ಷನ್) ಸುತ್ತಿದ್ದರು. ಯಾಕೆ ಸುತ್ತಿದ್ದರು ಅನ್ನೋದು ಊಹಿಸಬಹುದು. ಎಕ್ಸೆಲ್‌ಗೆ ಒಂದು ದಿನ ಅಂದರೆ 1. ಗಂಟೆಗಳೆಲ್ಲ ಅದರ ಭಾಗ. ರಾತ್ರಿ 8 ಅಂದರೆ 0.8333, ಬೆಳಗ್ಗೆ 9 ಅಂದರೆ 0.375. ನಡುರಾತ್ರಿ ದಾಟಿದ್ದು ಅದಕ್ಕೆ ಗೊತ್ತಿಲ್ಲ. ಕಳೆದರೆ ಮೈನಸ್ ಬರುತ್ತದೆ, ಮೈನಸ್ ಟೈಮ್ ತೋರಿಸಲು ಆಗದೆ ಸೆಲ್ ತುಂಬ ##### ಬೀಳುತ್ತದೆ. ಎಬಿಎಸ್ ಹಾಕಿದರೆ ಮೈನಸ್ ಮಾಯ. 8ರಿಂದ 8ಕ್ಕೆ 12 ಗಂಟೆ, ಹಿಂದಿನಿಂದ ಎಣಿಸಿದರೂ 12. ನಡುರಾತ್ರಿ ದಾಟುವ ಶಿಫ್ಟ್ ಸರಿಯಾಗಿ 12 ಗಂಟೆಯದ್ದಾದರೆ ಮಾತ್ರ ಎರಡೂ ಒಂದೇ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರ ಶಿಫ್ಟ್ ಇದ್ದಿದ್ದರೆ 8ರ ಬದಲು 16 ಬಂದು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಸರಿಪಡಿಸುವುದು ಸುಲಭ. ಎಬಿಎಸ್ ತೆಗೆದು ಎಂಒಡಿ (MOD) ಹಾಕಿದೆ: =MOD(ಔಟ್-ಇನ್,1). ಮೈನಸ್ ಬಂದರೆ ಅದು ಒಂದು ದಿನ ಸೇರಿಸಿಕೊಳ್ಳುತ್ತದೆ, ಹಗಲಿನ ಶಿಫ್ಟಿಗೂ ಅದೇ ನಡೆಯುತ್ತದೆ. 13:00 ಬಂತು. ಲಾಕ್‌ಗೆ ಮೊದಲು ಆ ತಿಂಗಳ ಶೀಟ್ ಹೋಯಿತು.

ಆದರೆ ಎಂಒಡಿಯನ್ನೂ ಪೂರ್ತಿ ನಂಬಬೇಡಿ. ಡಬಲ್ ಡ್ಯೂಟಿ ಮಾಡಿ ರಾತ್ರಿ 8ರಿಂದ ಮರುದಿನ ರಾತ್ರಿ 8ರವರೆಗೆ ದುಡಿದವರಿಗೆ ಅದು ಸೊನ್ನೆ ತೋರಿಸುತ್ತದೆ. ಇನ್, ಔಟ್ ಎರಡರಲ್ಲೂ ತಾರೀಖು ಮತ್ತು ಟೈಮ್ ಒಟ್ಟಿಗೆ ಇದ್ದರೆ ಸುಮ್ನೆ ಕಳೆದರೆ ಸಾಕು, ಯಾವ ಫಂಕ್ಷನ್ನೂ ಬೇಡ. ಇದನ್ನು ನಾನು ಕೇಳಿದಾಗ ಬಂದ ಉತ್ತರ: ಕಾಲಂ ಅಗಲ ಆದರೆ ಪ್ರಿಂಟ್ ಒಂದು ಪುಟಕ್ಕೆ ಹಿಡಿಸುವುದಿಲ್ಲ. ಒಬ್ಬರ ಇಡೀ ದಿನದ ದುಡಿಮೆಗಿಂತ ಪುಟದ ಅಂಚು ದೊಡ್ಡದಾ? ಈಗ ಡಬಲ್ ಡ್ಯೂಟಿಯನ್ನು ಎರಡು ಸಾಲಾಗಿ ಒಡೆದು ಬರೆಯುತ್ತೇನೆ. ಕೆಲಸ ಜಾಸ್ತಿ, ಆದರೆ ಗಂಟೆ ಕಳೆದುಹೋಗುವುದಿಲ್ಲ.

ಟೋಟಲ್‌ನಲ್ಲೂ ಇಂಥದ್ದೇ ಒಂದು ಗುಂಡಿ ಇದೆ. 12 ಗಂಟೆಯ 26 ಶಿಫ್ಟ್ ಅಂದರೆ 312 ಗಂಟೆ, ಸರಿಯಾಗಿ 13 ದಿನ. ಮಾಮೂಲಿ ಟೈಮ್ ಫಾರ್ಮ್ಯಾಟ್‌ನಲ್ಲಿ ಪೂರ್ತಿ ದಿನಗಳು ಕಾಣುವುದೇ ಇಲ್ಲ, ಅದು 0:00 ಅಂತ ತೋರಿಸುತ್ತದೆ. ಒಂದು ದಿನವೂ ತಪ್ಪದೆ ಬಂದವರ ಮುಂದೆ ಸೊನ್ನೆ! ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಗಂಟೆಯ ಎಚ್ ಅಕ್ಷರಕ್ಕೆ ಚೌಕ ಬ್ರಾಕೆಟ್ ಹಾಕಿದರೆ ([h]:mm) 312:00 ಕಾಣುತ್ತದೆ. ರೇಟ್‌ಗೆ ಗುಣಿಸುವ ಮುಂಚೆ 24ರಿಂದ ಗುಣಿಸಿ, ಇಲ್ಲದಿದ್ದರೆ 312 ಗಂಟೆಗೆ 13 ಗಂಟೆಯ ದುಡ್ಡು ಹೋಗುತ್ತದೆ. ಹಾಗೇ 20:00 ಬದಲು 20.00 ಅಂತ ಚುಕ್ಕೆ ಹಾಕಿ ಟೈಪ್ ಮಾಡುವವರು ನಮ್ಮಲ್ಲೂ ಇದ್ದಾರೆ. ಎಕ್ಸೆಲ್‌ಗೆ ಅದು 20 ಗಂಟೆ ಅಲ್ಲ, 20 ದಿನ. ಆ ಕಾಲಂಗೆ ಡೇಟಾ ವ್ಯಾಲಿಡೇಷನ್ (ತಪ್ಪು ಎಂಟ್ರಿ ತಡೆಯುವ ಸೆಟ್ಟಿಂಗ್) ಹಾಕಿ ಬಾಗಿಲು ಮುಚ್ಚಿದ್ದೇನೆ.

ಹಳೆಯ ತಿಂಗಳುಗಳದ್ದು ಏನು ಮಾಡುವುದು ಅನ್ನುವ ಮಾತು ಬಂದಾಗ, ಬೇಗ ಹೋಗಿಯೂ ಜಾಸ್ತಿ ಗಂಟೆ ಪಡೆದವರಿಂದ ವಾಪಸ್ ಹಿಡಿಯೋಣ ಅಂತ ಮೇಲಿನವರು ಹೇಳಿದರು. ನಾನು ಒಪ್ಪಲಿಲ್ಲ. ಲೆಕ್ಕ ಹಾಕಿದ್ದು ಆಫೀಸು, ಅವರಲ್ಲ. ಅದನ್ನು ಕೈಬಿಡಿಸಿದೆ. ಲೇಟಾಗಿ ಹೋದವರಿಗೆ ಬರಬೇಕಾದ ವ್ಯತ್ಯಾಸವನ್ನು ಮಸ್ಟರ್ ಎದುರಿಟ್ಟುಕೊಂಡು ಸಾಲು ಸಾಲಾಗಿ ಲೆಕ್ಕ ಹಾಕಿ ಅಪ್ರೂವಲ್‌ಗೆ ಕಳಿಸಿದ್ದೇನೆ. ಇನ್ನೂ ಸಹಿ ಆಗಿಲ್ಲ. ಪ್ರತಿ ಪೇರೋಲ್‌ಗೆ ಮೊದಲು ಆ ಫೈಲನ್ನು ಮತ್ತೆ ಕಳಿಸುತ್ತೇನೆ.