ಭಾವನ ಪಿಸ್ತೂಲು, ಪೀಣ್ಯದ ಪ್ರೆಸ್ಸು

ಹೋದ ವರ್ಷ ಡಿಸೆಂಬರಿನಲ್ಲಿ ಅಕ್ಕ, ಭಾವ ಅಮೆರಿಕದ ಫೀನಿಕ್ಸ್‌ನಿಂದ ಬಂದಿದ್ದರು. ಬಂದ ಮೂರನೇ ದಿನ ಅಕ್ಕ ಅಮ್ಮನನ್ನು ಕರಕೊಂಡು ಮಲ್ಲೇಶ್ವರಕ್ಕೆ ಸೀರೆ ತರಲು ಹೊರಟಳು. ಗೇಟಿನ ಚಿಲಕ ಬಿದ್ದ ಸದ್ದಾಗಿದ್ದೇ ತಡ, ಭಾವ ಲ್ಯಾಪ್‌ಟಾಪ್ ಹಿಡಿದು ನನ್ನ ಪಕ್ಕ ಬಂದು ಕೂತರು. "ಒಂದು ವಿಷಯ ಕೇಳಬೇಕಿತ್ತು ಕಣೋ. ನಿಮ್ಮಕ್ಕನಿಗೆ ಈಗಲೇ ಹೇಳಬೇಡ" ಅಂದರು. ಸಾಲ ಗೀಲ ಮಾಡ್ಕೊಂಡಿದ್ದಾರಾ ಅಂತ ನನಗೆ ಗಾಬರಿ. ನೋಡಿದರೆ ಒಂದು ಎಕ್ಸೆಲ್ ಶೀಟು. ಎಡಗಡೆ ಪಿಸ್ತೂಲುಗಳು, ಬಲಗಡೆ ತೋಟಾ ತುಂಬುವ ಪ್ರೆಸ್ಸುಗಳು. ಇಪ್ಪತ್ತೆರಡು ಸಾಲು. ಹಸಿರು, ಕೆಂಪು ಬಣ್ಣ ಬೇರೆ.

ಭಾವನಿಗೆ ಅಲ್ಲಿ ಪ್ರಾಕ್ಟಿಕಲ್ ಶೂಟಿಂಗಿನ ಹುಚ್ಚು ಹತ್ತಿತ್ತು. ಅದು ನಿಂತಲ್ಲೇ ನಿಂತು ಹೊಡೆಯುವ ಆಟ ಅಲ್ಲ. ಬಝರ್ ಕೂಗಿದ ತಕ್ಷಣ ಸೊಂಟದಿಂದ ಪಿಸ್ತೂಲು ತೆಗೆಯಬೇಕು. ಗೋಡೆ ಮರೆಯಿಂದ ಎರಡು, ಕಿಟಕಿಯಿಂದ ನಾಲ್ಕು ಅಂತ ಓಡುತ್ತಾ ಹೊಡೆಯಬೇಕು. 1976ರಲ್ಲಿ ಮಿಸ್ಸೂರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಇದಕ್ಕೆ ಅಂತಾರಾಷ್ಟ್ರೀಯ ಒಕ್ಕೂಟ ಶುರುವಾಯಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ಬಂದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಹಿಟ್ ಫ್ಯಾಕ್ಟರ್. ಅದೇ ಲೆಕ್ಕ. ಭಾವ ಗೆಳೆಯನ ಪಿಸ್ತೂಲಿನಲ್ಲಿ ಎರಡು ಕ್ಲಬ್ ಪಂದ್ಯ ಆಡಿದ್ದರು. ಎರಡರಲ್ಲೂ ಕೊನೆಯಿಂದ ಮೂರನೆಯವರು.

ಇನ್ನು ನನ್ನ ಕಥೆ. ಹನ್ನೊಂದು ವರ್ಷದಿಂದ ಏರ್ ಪಿಸ್ತೂಲು ಹೊಡೆಯುತ್ತೇನೆ. ಹತ್ತು ಮೀಟರ್ ದೂರ, ಒಂದೂಕಾಲು ಗಂಟೆ, ಅರವತ್ತು ಪೆಲೆಟ್ಟು. ಹತ್ತು ಅಂಕದ ವೃತ್ತ 11.5 ಮಿಲಿಮೀಟರ್. ನಮ್ಮ ಆಟದಲ್ಲಿ ಯಾರಾದರೂ ಓಡಿದರೆ ರೇಂಜಿನಿಂದ ಆಚೆ ಹಾಕ್ತಾರೆ. 9 ಎಂಎಂ ಪಿಸ್ತೂಲು ನಾನು ಮುಟ್ಟಿಯೂ ಇಲ್ಲ. ನಮ್ಮ ದೇಶದಲ್ಲಿ ಅದು ಪ್ರೊಹಿಬಿಟೆಡ್ ಬೋರ್, ಅಂದರೆ ಸಾಮಾನ್ಯ ಜನರಿಗೆ ನಿಷೇಧಿಸಿದ ಅಳತೆ. ಲೈಸೆನ್ಸ್ ಇರುವ ಸಾಮಾನ್ಯ ಜನರ ಕೈಲಿ ಹೆಚ್ಚಾಗಿ ಇರುವುದು .32 ಪಿಸ್ತೂಲು. ಇಂಥ ನನ್ನನ್ನು ಭಾವ ಕೇಳಿದ್ದು ಯಾಕೆ ಅಂದರೆ, ಹೊಟ್ಟೆಪಾಡಿಗೆ ನಾನು ಪೀಣ್ಯದಲ್ಲಿ ಸಣ್ಣದೊಂದು ಪ್ರೆಸ್ ಶಾಪ್ ನಡೆಸುತ್ತೇನೆ, ತಗಡನ್ನು ಡೈ ಅನ್ನೋ ಅಚ್ಚಿಗೆ ಒತ್ತಿ ಬಿಡಿಭಾಗ ಮಾಡುವ ಕೆಲಸ. "ಡೈ, ಪ್ರೆಸ್ಸು ಎಲ್ಲಾ ನಿನ್ನ ಸಬ್ಜೆಕ್ಟು ತಾನೆ?" ಅಂದರು. ಭಾನುವಾರ ಶಾಪಿಗೆ ಬನ್ನಿ ಅಂದೆ.

ಭಾನುವಾರ ಪೀಣ್ಯ ಬೇರೆಯೇ ಊರು. ಟೆಂಪೋ ಇಲ್ಲ, ಗ್ರೈಂಡಿಂಗ್ ಸದ್ದಿಲ್ಲ. ತುಮಕೂರು ರಸ್ತೆ ಪಕ್ಕದಲ್ಲಿ ತಟ್ಟೆ ಇಡ್ಲಿ ತಿಂದು, ಬೈಟು ಕಾಫಿ ಕುಡಿದು, ಶಟರ್ ಎತ್ತುವಾಗ ಹತ್ತು ಗಂಟೆ. ನಮ್ಮ ಹಿರಿಯ ಫಿಟ್ಟರ್ ಒಬ್ಬರು ಸೋಮವಾರಕ್ಕೆ ಬೇಕಿದ್ದ ಡೈಗೆ ಪಾಲಿಶ್ ಹಾಕುತ್ತಾ ಕೂತಿದ್ದರು. ಅವರಿಗೆ ಅರವತ್ತೆರಡು. ಭಾವನನ್ನು ನೋಡಿ ತಲೆ ಆಡಿಸಿ ಮತ್ತೆ ಕೆಲಸಕ್ಕೆ ಬಗ್ಗಿದರು.

ತೋರಿಸಲು ಭಾವನ ಕೈಲಿ ಫೋಟೋ ಬಿಟ್ಟು ಏನೂ ಇರಲಿಲ್ಲ. ತರಲೂಬಾರದು. 1959ರ ಆಯುಧ ಕಾಯ್ದೆಯಲ್ಲಿ ತೋಟಾ ಅಂದರೆ ಬರೀ ತೋಟಾ ಅಲ್ಲ, ಅದರ ಬಿಡಿಭಾಗ ಮತ್ತು ಅದನ್ನು ತಯಾರಿಸುವ ಯಂತ್ರವೂ ಸೇರುತ್ತದೆ. ಹೊರಡುವ ಮುಂಚೆ ಭಾವ ಶೂ, ಜಾಕೆಟ್, ಬ್ಯಾಗಿನ ಜೇಬು ಎಲ್ಲಾ ಮೂರು ಸಲ ಕೊಡವಿದ್ದರಂತೆ. "ಆ ಖಾಲಿ ತೋಟಾದ ಹಿತ್ತಾಳೆ ಕೇಸು ಮದುವೆ ಮನೆ ಅಕ್ಷತೆ ಥರ. ಎಲ್ಲೆಲ್ಲೋ ಸೇರ್ಕೊಂಡಿರುತ್ತೆ" ಅಂದರು.

ಪಟ್ಟಿಯ ಮೊದಲ ಸಾಲಿನಲ್ಲೇ ನನಗೆ ತಕರಾರು. ಅದು ಓಪನ್ ವಿಭಾಗದ ಪಿಸ್ತೂಲು. ಮೇಲೆ ಕೆಂಪು ಚುಕ್ಕೆಯ ಸೈಟು, ನಳಿಕೆಯ ತುದಿಯಲ್ಲಿ ಅನಿಲವನ್ನು ಮೇಲಕ್ಕೆ ಉಗುಳಿ ಮೂತಿ ಕೆಳಗಿಡುವ ಕಾಂಪೆನ್ಸೇಟರ್, .38 ಸೂಪರ್ ತೋಟಾ. ರೇಸ್ ಕಾರಿದ್ದ ಹಾಗೆ. "ಇದು ಮೇಜರ್ ಕಣೋ, ಪಕ್ಕಕ್ಕೆ ಬಿದ್ದರೂ ಅಂಕ ಜಾಸ್ತಿ" ಅಂದರು. ಜೋರಾದ ತೋಟಾಕ್ಕೆ ಮೇಜರ್, ಮೆತ್ತಗಿನದಕ್ಕೆ ಮೈನರ್ ಅಂತ ಹೆಸರು.

ಎಷ್ಟು ಜಾಸ್ತಿ? ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಬರೆಸಿದೆ. ನಡುವಿನ ಎ ವಲಯಕ್ಕೆ ಯಾರು ಹೊಡೆದರೂ 5. ಅದರ ಪಕ್ಕದ ಸಿ ವಲಯಕ್ಕೆ ಮೇಜರ್ ಆದರೆ 4, ಮೈನರ್ ಆದರೆ 3. ಹನ್ನೆರಡು ಗುಂಡಿನಲ್ಲಿ ಎಂಟು ಎ, ನಾಲ್ಕು ಸಿ ಅಂದುಕೊಳ್ಳಿ. ಮೇಜರ್‌ಗೆ 56, ಮೈನರ್‌ಗೆ 52. ಹತ್ತು ಸೆಕೆಂಡಿನಲ್ಲಿ ಮುಗಿಸಿದರೆ 5.6 ಮತ್ತು 5.2. ಅದೇ ಮೈನರ್ ಒಂಬತ್ತು ಸೆಕೆಂಡಿನಲ್ಲಿ ಮುಗಿಸಿದರೆ? 5.78.

ಭಾವ ಸ್ವಲ್ಪ ಹೊತ್ತು ನೆಲ ನೋಡಿದರು. "ಅಂದ್ರೆ ಕಾಲು ಓಡಬೇಕು ಅಂತೀಯ" ಅಂದರು.

"ಓಡೋದಷ್ಟೇ ಅಲ್ಲ ಭಾವ. ಯಾವ ವಿಭಾಗ ಅಂತ ಮೊದಲು ಗಟ್ಟಿ ಮಾಡಿ. ಆಮೇಲೆ ತೋಟಾ, ಆಮೇಲೆ ಪಿಸ್ತೂಲು. ನೀವು ಬಾಲದಿಂದ ಶುರು ಮಾಡಿದ್ದೀರಿ."

ಪ್ರೊಡಕ್ಷನ್ ವಿಭಾಗದಲ್ಲಿ ಎಲ್ಲರಿಗೂ ಮೈನರ್ ಲೆಕ್ಕವೇ. ಕಾರ್ಖಾನೆಯಿಂದ ಬಂದ ಹಾಗೇ ಇರುವ ಸಾದಾ ಪಿಸ್ತೂಲು ಸಾಕು. 9 ಎಂಎಂ ಸಾಕು. ಇಪ್ಪತ್ತೆರಡು ಸಾಲಿನಲ್ಲಿ ಹದಿನೈದು ಅಲ್ಲೇ ಅಳಿಸಿಹೋದವು.

ಉಳಿದದ್ದರಲ್ಲಿ ಮುಖ್ಯವಾಗಿ ಎರಡು. ಸಿಝಡ್ ಶ್ಯಾಡೋ 2, ತೂಕ 1330 ಗ್ರಾಂ. ಗ್ಲಾಕ್ 34, ಮುಕ್ಕಾಲು ಕಿಲೋ ಆಸುಪಾಸು. ತೂಕವನ್ನು ಎಕ್ಸೆಲ್‌ನಲ್ಲಿ ನೋಡಿದರೆ ಏನು ಗೊತ್ತಾಗುತ್ತೆ? ಸ್ಕ್ರಾಪ್ ಡಬ್ಬದಿಂದ ಇಎನ್ 8 ಉಕ್ಕಿನ ರಾಡಿನ ಎರಡು ತುಂಡು ಹುಡುಕಿ, ತಕ್ಕಡಿಗೆ ಹಾಕಿ, ಹ್ಯಾಕ್ಸಾದಲ್ಲಿ ಕೊಯ್ದು ಸರಿ ಮಾಡಿದೆ. ಭಾವ ಮೊದಲು ದಪ್ಪದ್ದನ್ನು ಎರಡೂ ಕೈಲಿ ಹಿಡಿದು ಲೇತಿನಿಂದ ಡ್ರಿಲ್ಲಿಂಗ್ ಮೆಷಿನ್ನಿಗೆ, ಅಲ್ಲಿಂದ ಫ್ಲೈ ಪ್ರೆಸ್ಸಿಗೆ ಗುರಿ ತಿರುಗಿಸಿದರು. ನಿಲ್ಲಿಸಬೇಕಾದ ಕಡೆ ಒಂದು ಗೇಣು ಮುಂದೆ ಹೋಗಿ ನಿಲ್ಲುತ್ತಿತ್ತು. ಹಗುರದ್ದು ಹೇಳಿದ ಕಡೆ ನಿಂತಿತು. ಆದರೆ ಹೊಡೆದಾಗ ಒದೆ ಕಡಿಮೆ ಮಾಡುವುದು ಅದೇ ತೂಕ. ನನ್ನನ್ನು ಕೇಳಿದರೆ ಭಾರದ್ದೇ ಚೆಂದ. ಆದರೆ ನಾನು ಒಂದೇ ಕಡೆ ನಿಂತು ಹೊಡೆಯುವವನು, ನನ್ನ ಮಾತಿಗೆ ಅಷ್ಟೇ ಬೆಲೆ.

ತೂಕಕ್ಕಿಂತ ದೊಡ್ಡ ವಿಷಯ ಬೆರಳಿನಲ್ಲಿತ್ತು. ಏರ್ ಪಿಸ್ತೂಲು ಕೊಂಡಾಗ ಮರದ ಹಿಡಿಯನ್ನು ಅರದಿಂದ ಉಜ್ಜಿ, ಪುಟ್ಟಿ ಮೆತ್ತಿ, ಮತ್ತೆ ಉಜ್ಜಿ ಕೈಗೆ ಕೂರಿಸಲು ನನಗೆ ಎರಡು ತಿಂಗಳು ಹಿಡಿದಿತ್ತು. ಅದಕ್ಕೇ ಭಾವನ ಅಂಗೈಯನ್ನು ರಟ್ಟಿನ ಮೇಲೆ ಇಡಿಸಿ ಗೆರೆ ಎಳೆದೆ. ಗಿಡ್ಡ ಬೆರಳು. ಗೆಳೆಯನ ಪಿಸ್ತೂಲು ಸಿಝಡ್. ಅದನ್ನು ಹ್ಯಾಮರ್ ಕೆಳಗಿಳಿಸಿಯೇ ಶುರು ಮಾಡಬೇಕು. ಮೊದಲ ಗುಂಡಿಗೆ ಟ್ರಿಗರ್ ದೂರ ಇರುತ್ತದೆ, ಎಳೆತ ಉದ್ದ, ಬಿಗಿ. ಎರಡನೆಯದರಿಂದ ಬೆಣ್ಣೆ.

"ಮೊದಲ ಗುಂಡು ಎಲ್ಲಿ ಬೀಳುತ್ತೆ ಭಾವ?"

"ಎಡಕ್ಕೆ, ಕೆಳಗೆ. ಸೈಟು ಸರಿ ಇಲ್ಲ ಅನ್ಸುತ್ತೆ."

"ಸೈಟು ಸರಿ ಇಲ್ದಿದ್ರೆ ಎರಡನೇದೂ ಅಲ್ಲೇ ಬೀಳಬೇಕಲ್ವಾ?"

ಬೆರಳಿನ ತುದಿ ಮಾತ್ರ ತಾಗಿ, ಪಿಸ್ತೂಲನ್ನೇ ಎಡಕ್ಕೆ ನೂಕುತ್ತಿದ್ದರು. ಗ್ಲಾಕ್‌ನಲ್ಲಿ ಪ್ರತಿ ಗುಂಡಿಗೂ ಎಳೆತ ಒಂದೇ. ಬಾಡಿಗೆಗೆ ಎರಡೂ ತಗೊಂಡು, ಬರೀ ಮೊದಲ ಗುಂಡನ್ನೇ ಐವತ್ತೈವತ್ತು ಸಲ ಹೊಡೆದು ನೋಡಿ ಅಂದೆ.

ಇಷ್ಟಾಗುವಾಗ ಮಧ್ಯಾಹ್ನ. ನಿಜವಾದ ಜಗಳ ಶುರುವಾಗಿದ್ದು ಆಮೇಲೆ, ಪ್ರೆಸ್ಸಿನ ಮೇಲೆ.

ತೋಟಾ ತುಂಬುವುದು ಅಂದರೆ ಹೊಡೆದ ಹಿತ್ತಾಳೆ ಕೇಸನ್ನು ಮತ್ತೆ ಬಳಸುವುದು. ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲೇ ಪ್ರೈಮರ್; ಹಳೆಯದನ್ನು ಉದುರಿಸಿ ಕೇಸನ್ನು ಅಳತೆಗೆ ಒತ್ತಬೇಕು. ಹೊಸ ಪ್ರೈಮರ್ ಕೂರಿಸಿ, ಬಾಯಿ ತುಸು ಅಗಲಿಸಿ ಮದ್ದು ಹಾಕಬೇಕು. ಗುಂಡು ಇಟ್ಟು ಒತ್ತಬೇಕು. ಕೊನೆಗೆ ಅಗಲಿಸಿದ ಬಾಯನ್ನು ನೆಟ್ಟಗೆ ಮಾಡಬೇಕು. 9 ಎಂಎಂ ತೋಟಾ ನಳಿಕೆಯೊಳಗೆ ನಿಲ್ಲುವುದೇ ಕೇಸಿನ ಬಾಯಂಚಿನ ಮೇಲೆ, ಹಾಗಾಗಿ ಅಲ್ಲಿ ಜಾಸ್ತಿ ಒತ್ತುವಂತಿಲ್ಲ. ಡೈ ಕಾರ್ಬೈಡಿನದು, ಎಣ್ಣೆ ಬೇಡ. ತಯಾರಾದ ತೋಟಾ ನೋಡಲು ರಿಂಗ್ ಗೇಜು. ಇದೆಲ್ಲ ಕೇಳುತ್ತಾ ನನಗೆ ನಗು. ಅಮೆರಿಕದ ಗ್ಯಾರೇಜಿನಲ್ಲಿ ಕೂತ ಸಣ್ಣ ಪೀಣ್ಯ ಅದು.

ಒಂದೇ ಡೈ ಕೂರುವ ಪ್ರೆಸ್ಸಿನಲ್ಲಿ ನಾಲ್ಕು ಡೈಗೆ ನಾಲ್ಕು ಎಳೆತ. ನೂರು ತೋಟಾಕ್ಕೆ ನಾನೂರು. ಪ್ರೋಗ್ರೆಸಿವ್ ಆದರೆ ಎಲ್ಲಾ ಡೈ ಒಟ್ಟಿಗೆ ಕೆಲಸ ಮಾಡುತ್ತವೆ, ಎಳೆತಕ್ಕೊಂದು ತೋಟಾ ಬೀಳುತ್ತದೆ. ಭಾವನ ಪಟ್ಟಿಯಲ್ಲಿ ಡಿಲ್ಲನ್ ಕಂಪನಿಯ ಎರಡಿದ್ದವು. 550ರಲ್ಲಿ ನಾಲ್ಕು ಸ್ಟೇಷನ್, ಅಂದರೆ ಡೈ ಕೂರುವ ಜಾಗ; ಕೇಸುಗಳನ್ನು ಹಿಡಿದ ತಟ್ಟೆಯನ್ನು ಕೈಯಿಂದ ತಿರುಗಿಸಬೇಕು. 750ರಲ್ಲಿ ಐದು, ತಾನೇ ತಿರುಗುತ್ತದೆ.

"ಕೈಯಿಂದ ತಿರುಗಿಸೋದೇ ತಗೊಳ್ಳಿ" ಅಂದೆ. ನನಗೆ ಕಾರಣ ಇತ್ತು. ಆರು ವರ್ಷದ ಹಿಂದೆ ನಮ್ಮದೇ ಶಾಪಿನಲ್ಲಿ ಪ್ರೋಗ್ರೆಸಿವ್ ಟೂಲ್ ಓಡಿಸುತ್ತಿದ್ದೆ. ಕತ್ತರಿಸಿದ ಬಿಲ್ಲೆಯೊಂದು ಕೆಳಗೆ ಬೀಳದೆ ಪಂಚಿಗೆ ಅಂಟಿಕೊಂಡು ಮೇಲೆ ಬಂದಿದೆ. ನಾನು ಕೌಂಟರ್ ನೋಡುತ್ತಿದ್ದೆ, ತಗಡಿನ ಪಟ್ಟಿ ನೋಡಲಿಲ್ಲ. ಮುಂದಿನ ಹೊಡೆತದಲ್ಲಿ ಎರಡು ಪದರ. ಪಂಚ್ ಚೂರಾಗಿ ಒಂದು ತುಂಡು ಕಿವಿ ಪಕ್ಕದಿಂದ ಹೋಗಿ ಕ್ಯಾಲೆಂಡರಿಗೆ ನಾಟಿತು. ಆ ತಿಂಗಳ ಹಾಳೆ ಇನ್ನೂ ಹರಿದಿಲ್ಲ. ತಾನಾಗೇ ಓಡುವ ಯಂತ್ರ ಅಂದರೆ ಅವತ್ತಿನಿಂದ ನನಗೆ ಅನುಮಾನ.

ಭಾವ ಒಪ್ಪಲಿಲ್ಲ. "ಉಲ್ಟಾ ಕಣೋ. ಕೈಯಿಂದ ತಿರುಗಿಸೋದು ಮರೆತು ಇನ್ನೊಂದು ಸಲ ಎಳೆದರೆ ಅದೇ ಕೇಸಿಗೆ ಎರಡು ಸಲ ಮದ್ದು ಬೀಳುತ್ತೆ. ತಾನೇ ತಿರುಗೋದಾದ್ರೆ ಆ ತಾಪತ್ರಯ ಇಲ್ಲ. ಒಂದು ಸ್ಟೇಷನ್ ಜಾಸ್ತಿ ಇರೋದ್ರಿಂದ ಮದ್ದಿನ ಮಟ್ಟ ನೋಡಿ ಕೂಗೋ ಅಲಾರಂ ಕೂಡ ಹಾಕಬಹುದು."

ಮಾತು ಸರಿ. ನನಗೆ ಹೊಳೆದಿರಲಿಲ್ಲ. 9 ಎಂಎಂ ತೋಟಾಕ್ಕೆ ಬೀಳುವ ಮದ್ದು ಕಾಲು ಗ್ರಾಂ ಆಸುಪಾಸು. ಅಜ್ಜಿ ಕಾಲದ ಲೆಕ್ಕದಲ್ಲಿ ಎರಡು ಗುಲಗಂಜಿ ತೂಕ. ಅಷ್ಟಕ್ಕೇ ಒಳಗೆ ಹುಟ್ಟುವ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡು. ಅದು ಎರಡರಷ್ಟು ಬಿದ್ದರೆ ಪಿಸ್ತೂಲು ಕೈಯಲ್ಲೇ ಸೀಳಬಹುದು.

ನಾವಿಬ್ಬರೂ ದನಿ ಏರಿಸಿದ್ದೆವು ಅಂತ ಕಾಣುತ್ತೆ. ಫಿಟ್ಟರ್ ಪಾಲಿಶ್ ಕಲ್ಲು ಕೆಳಗಿಟ್ಟರು. "ಆ ಮದ್ದು ಎಲ್ಲಾ ಒಂದೇ ಥರಾನಾ ಸಾರ್?"

"ಇಲ್ಲ, ಬೇಕಾದಷ್ಟು ಥರ ಇದೆ" ಅಂದರು ಭಾವ. "ಕೆಲವು ಕೇಸಿನ ತಳದಲ್ಲೇ ಕೂತಿರುತ್ತೆ. ಕೆಲವು ಅರ್ಧ ದಾಟುತ್ತೆ."

"ಅರ್ಧ ದಾಟೋದು ತಗೊಳ್ಳಿ. ಎರಡು ಸಲ ಬಿದ್ರೆ ತುಂಬಿ ಚೆಲ್ಲುತ್ತೆ. ಚೆಲ್ಲಿದ್ದು ಕಣ್ಣಿಗೆ ಕಾಣುತ್ತಲ್ಲ" ಅಂದು ಮತ್ತೆ ಕಲ್ಲು ಎತ್ತಿಕೊಂಡರು.

ಪೋಕಾ-ಯೋಕೆ ಅಂತ ನಾವು ಗೋಡೆಗೆ ಬೋರ್ಡ್ ಹಾಕಿದ್ದೇವೆ. ತಪ್ಪು ಮಾಡಲು ಹೋದರೂ ಆಗದ ಹಾಗೆ, ಆದರೂ ತಕ್ಷಣ ಗೊತ್ತಾಗುವ ಹಾಗೆ ಕೆಲಸ ಜೋಡಿಸುವುದು. ಆಡಿಟ್ ಬಂದಾಗ ಬೋರ್ಡ್ ಒರೆಸುತ್ತೇವೆ. ಭಾವ ಲ್ಯಾಪ್‌ಟಾಪ್ ತೆಗೆದು ಹೊಸ ಕಾಲಂ ಹಾಕಿದರು, "ಚೆಲ್ಲುತ್ತಾ?" ಅಂತ. ಅಲ್ಲಿನ ರೀಲೋಡರ್‌ಗಳಲ್ಲೂ ಬಹಳ ಜನ ಇದೇ ಕಾರಣಕ್ಕೆ ಹೆಚ್ಚು ಜಾಗ ತುಂಬುವ ಮದ್ದು ಆರಿಸುತ್ತಾರೆ ಅಂತ ಅವರಿಗೆ ಆಮೇಲೆ ಗೊತ್ತಾಯಿತು.

ಅಲ್ಲಿಂದ ಮುಂದೆ ಬೇಗ ಬೇಗ ಮುಗಿಯಿತು. ಫೋನ್ ಆಚೆ ಇಡುವುದು. ಯಾರಾದರೂ ಕರೆದು ಎಳೆತ ನಡುವೆ ನಿಂತರೆ ತಟ್ಟೆಯ ಮೇಲಿನ ಕೇಸೆಲ್ಲ ತೆಗೆದು ಮೊದಲಿನಿಂದ ಶುರು. ಮೂರನೇ ಸ್ಟೇಷನ್ನಿನ ಮೇಲೆ ಒಂದು ಬಲ್ಬು, ಗುಂಡು ಇಡುವ ಮುಂಚೆ ಕೇಸಿನೊಳಗೆ ಕಣ್ಣು ಹಾಯಿಸಲು. ಗ್ಲಾಕ್ ಆದರೆ ಬರೀ ಸೀಸದ ಗುಂಡು ಬೇಡ, ತಾಮ್ರ ಹೊದಿಸಿದ್ದು. ಗುಂಡಿನ ತೂಕದ ಮೇಲೆ ಮತ್ತೆ ಸೀಮೆಸುಣ್ಣ ಬಂತು. ಗ್ರೇನ್ ಲೆಕ್ಕದ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಅನ್ನುವ ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಮೈನರ್‌ಗೆ ಕನಿಷ್ಠ 125 ಬರಲೇಬೇಕು. ದೊಡ್ಡ ಪಂದ್ಯದಲ್ಲಿ ನಿಮ್ಮ ತೋಟಾ ತಗೊಂಡು ಅಳೆಯುತ್ತಾರೆ. ಕಡಿಮೆ ಬಂದರೆ ಆಡಿದ್ದೆಲ್ಲ ಸೊನ್ನೆ. 124 ಗ್ರೇನ್, 1050 ಅಡಿ ಆದರೆ 130. 147 ಗ್ರೇನ್, 900 ಅಡಿ ಆದರೆ 132. ಭಾರದ ಗುಂಡು ನಿಧಾನ ಹೋಗುತ್ತದೆ, ಕೈಗೆ ಒದೆ ಮೆತ್ತಗೆ. ಭಾವ 147ಕ್ಕೆ ಟಿಕ್ ಹಾಕಿದರು.

ಮನೆಗೆ ಬಂದಾಗ ಅಕ್ಕ ಸೋಫಾದಲ್ಲಿ ಕೂತಿದ್ದಳು. ಭಾವನ ಪ್ಯಾಂಟಿನ ಮೊಣಕಾಲಿಗೆ ಸೀಮೆಸುಣ್ಣ, ಕೈಯೆಲ್ಲ ಮಸಿ. "ಯಾವ ಪಿಸ್ತೂಲು ಅಂತ ತೀರ್ಮಾನ ಆಯ್ತಾ?" ಅಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ಎಕ್ಸೆಲ್ ಶೀಟು ಇದ್ದದ್ದು ಇಬ್ಬರೂ ಬಳಸುವ ಡ್ರೈವಿನಲ್ಲಂತೆ.

ಮಾರ್ಚ್‌ನಲ್ಲಿ ಫೋಟೋ ಬಂತು. ಗ್ಲಾಕ್ 34 ತಗೊಂಡಿದ್ದರು. ಪ್ರೆಸ್ಸು ನಾಲ್ಕು ಸ್ಟೇಷನ್ನಿನದೇ, ಗ್ಯಾರೇಜಿನ ಮರದ ಬೆಂಚಿಗೆ ಬೋಲ್ಟ್ ಹಾಕಿದ್ದು. ಮೂರನೇ ಡೈ ಪಕ್ಕ ಅಕ್ಕನ ಹೊಲಿಗೆ ಮೆಷಿನ್ನಿನ ದೀಪ ಬಾಗಿ ನಿಂತಿತ್ತು. ಜೂನ್‌ನಲ್ಲಿ ಇನ್ನೊಂದು ಮೆಸೇಜು. ದೊಡ್ಡ ಪಂದ್ಯದಲ್ಲಿ ಅಳೆದಿದ್ದರು, ಪವರ್ ಫ್ಯಾಕ್ಟರ್ 131. ಸ್ಥಾನ ಎಷ್ಟು ಅಂತ ಕೇಳಿದೆ.

"ಕೊನೆಯಿಂದ ಮೂರನೇದೇ. ಮದ್ದು ಸರಿ ಇದೆ ಕಣೋ, ಕಾಲೇ ಓಡ್ತಿಲ್ಲ."