ಭಾರ ನ್ಯೂಕ್ಲಿಯಸ್‌ಗಳ ಡಿಕ್ಕಿಯಲ್ಲಿ ಸಾಮೂಹಿಕ ಹರಿವು: ನನ್ನ ಸಿಮ್ಯುಲೇಶನ್‌ನ ಪ್ರಗತಿ ದಾಖಲೆ

ಮೇ 11

ಮೂರು ತಿಂಗಳ ಹಿಂದೆ ಕೈಗೆತ್ತಿಕೊಂಡ ಕೆಲಸ ಈಗ ಬರೆದಿಡುವಷ್ಟು ಬೆಳೆದಿದೆ. ಎರಡು ಚಿನ್ನದ ನ್ಯೂಕ್ಲಿಯಸ್‌ಗಳು ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಡಿಕ್ಕಿ ಹೊಡೆದಾಗ ನೂರಾರು ಕಣಗಳು ಹೊರಬೀಳುತ್ತವೆ. ಆ ಕಣಗಳ ದಿಕ್ಕುಗಳನ್ನಷ್ಟೇ ನೋಡಿ, ಅವು ಒಂದು ದ್ರವದಂತೆ ಒಟ್ಟಾಗಿ ಹರಿದವೋ ಇಲ್ಲವೋ ಎಂದು ನಿರ್ಣಯಿಸುವ ಗಣಿತವನ್ನು ನನ್ನದೇ ಪೈಥಾನ್ ಪ್ರೋಗ್ರಾಮಿನಲ್ಲಿ ಬುಡದಿಂದ ಕಟ್ಟಿ ನೋಡಬೇಕೆಂಬುದು ನನ್ನ ಗುರಿ. ನಾನು ವೃತ್ತಿಯಿಂದ ಭೌತವಿಜ್ಞಾನಿಯಲ್ಲ. ಕಚೇರಿಯ ಕೆಲಸ ಮುಗಿದ ಮೇಲಿನ ರಾತ್ರಿಗಳು ಮತ್ತು ಭಾನುವಾರಗಳು ಮಾತ್ರ ಇದಕ್ಕೆ ಸಿಗುತ್ತವೆ.

ಮೂಲ ಚಿತ್ರ ಸರಳವಾಗಿದೆ. ಎರಡು ನ್ಯೂಕ್ಲಿಯಸ್‌ಗಳು ನೇರ ಎದುರುಬದುರಾಗದೆ ಸ್ವಲ್ಪ ಓರೆಯಾಗಿ ತಾಗಿದರೆ, ಅವು ಒಂದರ ಮೇಲೊಂದು ಬೀಳುವ ಭಾಗ ಬಾದಾಮಿಯ ಆಕಾರ ತಳೆಯುತ್ತದೆ. ಅಲ್ಲಿ ಹುಟ್ಟುವ ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ (ಪ್ರೋಟಾನ್, ನ್ಯೂಟ್ರಾನ್‌ಗಳು ಕರಗಿ ಅವುಗಳೊಳಗಿನ ಕಣಗಳು ಬಿಡುಗಡೆಯಾದ ಸ್ಥಿತಿ) ದ್ರವದಂತೆ ವರ್ತಿಸುವುದಾದರೆ, ಬಾದಾಮಿಯ ಕಿರಿದಾದ ಅಡ್ಡಳತೆಯ ಕಡೆಗೆ ಒತ್ತಡದ ಇಳಿಜಾರು ಕಡಿದಾಗಿರುತ್ತದೆ, ಆದ್ದರಿಂದ ಆ ದಿಕ್ಕಿನಲ್ಲಿ ಹೆಚ್ಚು ಕಣಗಳು ಹೊರನುಗ್ಗುತ್ತವೆ. ಕೋನಗಳ ಹಂಚಿಕೆಯನ್ನು ಫೋರಿಯರ್ ಸರಣಿಯಾಗಿ, ಅಂದರೆ ಕೋಸೈನ್ ಅಲೆಗಳ ಮೊತ್ತವಾಗಿ, ಬಿಡಿಸಿದಾಗ ಎರಡನೆಯ ಪದದ ಗುಣಕವೇ ವಿ2, ಅಂದರೆ ದೀರ್ಘವೃತ್ತೀಯ ಹರಿವು. ಇಂಥ ಅಸಮತೆಯನ್ನು ಸಾಮೂಹಿಕ ಹರಿವಿನ ಗುರುತಾಗಿ ನೋಡಬಹುದೆಂದು ಭೌತವಿಜ್ಞಾನಿ ಜಾನ್-ಈವ್ ಒಲಿತ್ರೋ 1992ರಲ್ಲಿ ಸೂಚಿಸಿದ್ದರು. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿರುವ ರಿಕ್ ವೇಗವರ್ಧಕದ ಸ್ಟಾರ್ ಪ್ರಯೋಗ 2001ರಲ್ಲಿ ಪ್ರಕಟಿಸಿದ ಮೊದಲ ಅಳತೆಯಲ್ಲಿ, ಸಾಕಷ್ಟು ಓರೆಯಾದ ಡಿಕ್ಕಿಗಳಿಗೆ ಈ ಗುಣಕ ಸುಮಾರು 6 ಪ್ರತಿಶತದಷ್ಟಿತ್ತು. ಅದು ಚಿಕ್ಕ ಸಂಖ್ಯೆಯಂತೆ ತೋರಿದರೂ, ಬಾದಾಮಿಯ ಕಿರಿದಾದ ಕಡೆಗೆ 112 ಕಣಗಳು ಹೋದರೆ ಅದಕ್ಕೆ ಲಂಬವಾಗಿ 88 ಮಾತ್ರ ಹೋಗುತ್ತವೆ ಎಂಬುದು ಅದರ ಅರ್ಥ. ನನ್ನ ಪ್ರೋಗ್ರಾಮಿನಲ್ಲಿಯೂ ಅದೇ 0.06 ಅನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಮೇ 25

ಆರಂಭಿಕ ಆಕಾರವನ್ನು ಕೊಡುವ ಗ್ಲೌಬರ್ ಭಾಗ ಕೆಲಸ ಮಾಡುತ್ತಿದೆ. ಪ್ರತಿ ಚಿನ್ನದ ನ್ಯೂಕ್ಲಿಯಸ್‌ನಲ್ಲಿ 197 ಪ್ರೋಟಾನ್-ನ್ಯೂಟ್ರಾನ್‌ಗಳನ್ನು, ಅಂದರೆ ನ್ಯೂಕ್ಲಿಯಾನ್‌ಗಳನ್ನು ವುಡ್ಸ್-ಸ್ಯಾಕ್ಸನ್ ಸಾಂದ್ರತೆಯ (ಒಳಗೆ ಹೆಚ್ಚುಕಡಿಮೆ ಸಮ, ಅಂಚಿನಲ್ಲಿ ನಯವಾಗಿ ಇಳಿಯುವ) ಪ್ರಕಾರ ಹರಡುತ್ತೇನೆ; ತ್ರಿಜ್ಯ 6.38 ಫೆಮ್ಟೋಮೀಟರ್, ಅಂಚಿನ ದಪ್ಪದ ಅಳತೆ 0.535. ಎದುರುಬದುರಾದ ಎರಡು ನ್ಯೂಕ್ಲಿಯಾನ್‌ಗಳ ನಡುವಿನ ಅಡ್ಡ ಅಂತರ 1.16 ಫೆಮ್ಟೋಮೀಟರಿಗಿಂತ ಕಡಿಮೆಯಿದ್ದರೆ ಅವು ತಾಗಿದವೆಂದು ಲೆಕ್ಕ. 200 ಜಿಇವಿ ಶಕ್ತಿಯಲ್ಲಿ ಬಳಸುವ 42 ಮಿಲಿಬಾರ್ನ್ ಅಡ್ಡಕೊಯ್ತದಿಂದ (ಎರಡು ನ್ಯೂಕ್ಲಿಯಾನ್‌ಗಳು ತಾಗಲು ಇರುವ ಪರಿಣಾಮಕಾರಿ ವಿಸ್ತೀರ್ಣದಿಂದ) ಈ ಅಂತರ ಬರುತ್ತದೆ.

ಇಲ್ಲಿ ಎರಡು ವಾರ ಹಾಳಾದವು. ಕೇಂದ್ರದಿಂದ ಇರುವ ದೂರವನ್ನು ಆರಿಸುವಾಗ ಸಾಂದ್ರತೆಯನ್ನು ಮಾತ್ರ ಬಳಸಿ, ಅದನ್ನು ದೂರದ ವರ್ಗದಿಂದ ಗುಣಿಸುವುದನ್ನು ಮರೆತಿದ್ದೆ. ಗೋಳದ ಹೊರಪದರಗಳಲ್ಲಿ ಜಾಗ ಹೆಚ್ಚಿರುವುದರಿಂದ ಹೆಚ್ಚಿನ ನ್ಯೂಕ್ಲಿಯಾನ್‌ಗಳು ಅಲ್ಲಿಯೇ ಇರಬೇಕು; ನನ್ನ ನ್ಯೂಕ್ಲಿಯಸ್‌ನಲ್ಲಾದರೋ ಅವೆಲ್ಲ ನಡುವೆ ಗುಡ್ಡೆ ಬಿದ್ದಿದ್ದವು. ಸಾಂದ್ರತೆಯ ನಕ್ಷೆಯನ್ನು ಬರೆದು ನೋಡುವವರೆಗೂ ತಪ್ಪು ಕಣ್ಣಿಗೆ ಬೀಳಲಿಲ್ಲ. ಈ ವಿಷಯದಲ್ಲಿ ಕೆಲಸ ಶುರು ಮಾಡುವವರು ಬೇರೇನನ್ನೂ ಲೆಕ್ಕ ಹಾಕುವ ಮೊದಲು ಆ ನಕ್ಷೆಯನ್ನು ನೋಡಿಕೊಳ್ಳಬೇಕು.

ತಿದ್ದಿದ ಮೇಲೆ ಕಂಡದ್ದು ನನಗೆ ನಿಜವಾಗಿಯೂ ರೋಮಾಂಚನ ತಂದಿತು. ಎರಡೂ ಕೇಂದ್ರಗಳು ಒಂದೇ ರೇಖೆಯಲ್ಲಿರುವ, ಪೂರ್ಣ ಮುಖಾಮುಖಿ ಡಿಕ್ಕಿಯಲ್ಲಿಯೂ ಆಕಾರ ದುಂಡಗಿರುವುದಿಲ್ಲ. ನ್ಯೂಕ್ಲಿಯಾನ್‌ಗಳು ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದು ಡಿಕ್ಕಿಯಲ್ಲಿ ಆಕಾರ ಉದ್ದವಾಗಿ ಚಾಚಿದರೆ ಇನ್ನೊಂದರಲ್ಲಿ ಮೂರು ಮೂಲೆಗಳು ಎದ್ದು ನಿಲ್ಲುತ್ತವೆ. ಮುಖಾಮುಖಿ ಡಿಕ್ಕಿಗಳಲ್ಲಿ ಈ ಎರಡು ವಿರೂಪಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು. ಬಾದಾಮಿಯ ಸಮ್ಮಿತಿಯನ್ನು ಮಾತ್ರ ನೆಚ್ಚಿದರೆ ಮೂರನೆಯ ಗುಣಕ ಸೊನ್ನೆಯಾಗಬೇಕು, ಬಹಳ ಕಾಲ ಹಾಗೆಯೇ ಭಾವಿಸಲಾಗಿತ್ತು. ಈ ಏರುಪೇರುಗಳಿಂದಲೇ ತ್ರಿಕೋನ ಹರಿವು ಹುಟ್ಟುತ್ತದೆಂದು ಬುರಾಕ್ ಅಲ್ವೆರ್ ಮತ್ತು ಗುಂಥರ್ ರೋಲಂಡ್ 2010ರಲ್ಲಿ ತೋರಿಸಿದರು. ರಿಕ್ ಪ್ರಯೋಗಗಳು ಆರಂಭವಾದದ್ದು 2000ದಲ್ಲಿ. ನನ್ನ ಪರದೆಯ ಮೇಲೆ ಒಂದು ಸಂಜೆಯಲ್ಲಿ ಕಾಣಿಸಿದ ತ್ರಿಕೋನ ಅಷ್ಟು ವರ್ಷ ದತ್ತಾಂಶದೊಳಗೆ ಹೆಸರಿಲ್ಲದೆ ಕುಳಿತಿತ್ತು.

ಜೂನ್ 15

ಈ ಘಟ್ಟದಲ್ಲಿ ಗ್ಲೌಬರ್ ಭಾಗವನ್ನು ಬದಿಗಿಟ್ಟು, ಪ್ರತಿ ಡಿಕ್ಕಿಗೆ 500 ಕಣಗಳನ್ನು ವಿ2 = 0.06 ಇಟ್ಟು ನೇರವಾಗಿ ಹುಟ್ಟಿಸುತ್ತಿದ್ದೇನೆ. ಬಾದಾಮಿಯ ದಿಕ್ಕು ಪ್ರತಿ ಡಿಕ್ಕಿಗೂ ಯಾದೃಚ್ಛಿಕವಾಗಿ ಬದಲಾಗುತ್ತದೆ, ಮತ್ತು ನಿಜವಾದ ಪ್ರಯೋಗದಲ್ಲಿ ಇರುವಂತೆಯೇ ವಿಶ್ಲೇಷಣೆ ಮಾಡುವ ಪ್ರೋಗ್ರಾಮಿಗೆ ಆ ದಿಕ್ಕು ಗೊತ್ತಿರುವುದಿಲ್ಲ. ದಿಕ್ಕು ತಿಳಿಯದಿದ್ದರೂ ದಾರಿಯಿದೆ: ಎರಡೆರಡು ಕಣಗಳ ಕೋನಗಳ ವ್ಯತ್ಯಾಸವನ್ನು ಇಮ್ಮಡಿಸಿ, ಅದರ ಕೋಸೈನಿನ ಸರಾಸರಿಯನ್ನು ಎಲ್ಲ ಜೋಡಿಗಳ ಮೇಲೆ ತೆಗೆದರೆ ಗೊತ್ತಿಲ್ಲದ ದಿಕ್ಕು ತಾನಾಗಿ ಕಳೆದುಹೋಗಿ ವಿ2ರ ವರ್ಗ ಮಾತ್ರ ಉಳಿಯುತ್ತದೆ. ನನ್ನ ಲೆಕ್ಕದಲ್ಲಿ 0.0036 ಬಂತು, ಅದರ ವರ್ಗಮೂಲ 0.06. ಇಟ್ಟದ್ದು ಹಾಗೆಯೇ ಮರಳಿ ಸಿಕ್ಕಿತು.

ಅನಂತರ ಬೇಕೆಂದೇ ಕೆಡಿಸಿದೆ. ನಿಜವಾದ ಡಿಕ್ಕಿಗಳಲ್ಲಿ ಅಲ್ಪಾಯುಷಿ ಕಣಗಳು ಒಡೆದಾಗ ಮರಿಕಣಗಳು ಹತ್ತಿರದ ದಿಕ್ಕುಗಳಲ್ಲಿ ಸಾಗುತ್ತವೆ, ಜೆಟ್‌ಗಳಲ್ಲಿ ಕಣಗಳು ಗೊಂಚಲಾಗಿ ಬರುತ್ತವೆ. ಇವಕ್ಕೂ ದ್ರವದ ಹರಿವಿಗೂ ಸಂಬಂಧವಿಲ್ಲ. ಇದರ ಅತಿರೇಕದ ರೂಪವಾಗಿ 500 ಕಣಗಳನ್ನೂ ಒಂದೇ ದಿಕ್ಕಿಗೆ ಹೋಗುವ 250 ಜೋಡಿಗಳನ್ನಾಗಿ ಮಾಡಿದೆ. ಹರಿವು ಸೊನ್ನೆಯಿದ್ದಾಗಲೂ ಎರಡು ಕಣಗಳ ವಿಧಾನ 0.045 ಎಂದು ಹೇಳಿತು, ಏಕೆಂದರೆ ಪ್ರತಿ ಕಣಕ್ಕೂ ಉಳಿದ 499ರಲ್ಲಿ ಒಂದು ಸಂಗಾತಿ ಇದ್ದೇ ಇರುತ್ತದೆ ಮತ್ತು 1/499ರ ವರ್ಗಮೂಲ ಅಷ್ಟೇ ಆಗುತ್ತದೆ. 0.06 ಹರಿವನ್ನೂ ಸೇರಿಸಿದಾಗ ಉತ್ತರ 0.075ಕ್ಕೆ ಏರಿತು. ಪರಸ್ಪರ ಪರಿಚಯವೇ ಇಲ್ಲದ 250 ಜೋಡಿಗಳು ಒಂದು ದ್ರವದ ವೇಷ ಹಾಕಿ ನಿಂತಿದ್ದವು. ಒಂದರಿಂದೊಂದು ದೂರದ ಸೂಡೋರ‍್ಯಾಪಿಡಿಟಿಯಲ್ಲಿರುವ (ಅಂದರೆ ಕಿರಣದ ರೇಖೆಯಿಂದ ಅಳೆದ ಕೋನ ಬಹಳ ಬೇರೆಯಾಗಿರುವ) ಕಣಗಳನ್ನು ಮಾತ್ರ ಜೋಡಿಸಿದರೆ ಈ ನನ್ನ ಜೋಡಿಗಳು ಹೊರಗುಳಿದು 0.06 ಮರಳಿ ಬರುತ್ತದೆ, ಆದರೆ ಎದುರುಬದುರಾಗಿ ಸಾಗುವ ಜೆಟ್‌ಗಳಿಗೆ ಅಂಥ ಬೇಲಿ ಸಾಲದು.

ಜುಲೈ 6

ಆದ್ದರಿಂದ ನಾಲ್ಕು ಕಣಗಳು. ನಾಲ್ಕನ್ನು ಒಟ್ಟಿಗೆ ತೆಗೆದುಕೊಂಡು, ಮೊದಲೆರಡರ ಕೋನಗಳ ಮೊತ್ತದಿಂದ ಉಳಿದೆರಡರ ಮೊತ್ತವನ್ನು ಕಳೆದು, ಅದನ್ನು ಇಮ್ಮಡಿಸಿ ಕೋಸೈನಿನ ಸರಾಸರಿ ತೆಗೆಯಬೇಕು. ಅದರಿಂದ ಎರಡು ಕಣಗಳ ಸರಾಸರಿಯ ವರ್ಗದ ಇಮ್ಮಡಿಯನ್ನು ಕಳೆದರೆ, ಕೇವಲ ಜೋಡಿಗಳೊಳಗಿನ ಸಂಬಂಧ ಹೆಚ್ಚುಕಡಿಮೆ ಪೂರ್ತಿಯಾಗಿ ಅಳಿಸಿಹೋಗುತ್ತದೆ. ಉಳಿಯುವುದು ನಾಲ್ಕನೆಯ ಕ್ಯುಮುಲೆಂಟ್; ಹರಿವಿದ್ದರೆ ಅದರ ಬೆಲೆ ಋಣ ಚಿಹ್ನೆಯೊಂದಿಗೆ ವಿ2ರ ನಾಲ್ಕನೆಯ ಘಾತ.

ಲೆಕ್ಕದ ಹೊರೆಯೇ ಸಮಸ್ಯೆ. 500 ಕಣಗಳಿಂದ ನಾಲ್ಕನ್ನು ಕ್ರಮವಾಗಿ ಆರಿಸುವ ಬಗೆಗಳು ಒಂದೇ ಡಿಕ್ಕಿಯಲ್ಲಿ ಸುಮಾರು 6,175 ಕೋಟಿ. ಆಂಟೆ ಬಿಲಾಂಜಿಚ್, ರೈಮಂಡ್ ಸ್ನೆಲಿಂಗ್ಸ್ ಮತ್ತು ಸೆರ್ಗೆಯ್ ವೊಲೊಶಿನ್ ರೂಪಿಸಿದ ಕ್ಯೂ-ಕ್ಯುಮುಲೆಂಟ್ ವಿಧಾನ ಇದನ್ನು ಬಗೆಹರಿಸುವ ರೀತಿ ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಸುಂದರವಾದ ಭಾಗವೆನಿಸಿದೆ. ಪ್ರತಿ ಕಣವನ್ನೂ ಇಮ್ಮಡಿ ಕೋನದ ದಿಕ್ಕಿನ ಒಂದು ಪುಟ್ಟ ಬಾಣವೆಂದು ಭಾವಿಸಿ ಎಲ್ಲ ಬಾಣಗಳನ್ನೂ ಒಮ್ಮೆ ಕೂಡಿಸಿದರೆ ಸಿಗುವುದು ಕ್ಯೂ ಸದಿಶ. ಅದರ ಉದ್ದದ ನಾಲ್ಕನೆಯ ಘಾತದಲ್ಲಿ ಎಲ್ಲ ನಾಲ್ಕರ ಗುಂಪುಗಳೂ ಅಡಗಿರುತ್ತವೆ. ಒಂದೇ ಕಣ ಎರಡೆರಡು ಸಲ ಎಣಿಕೆಯಾದ ಪದಗಳನ್ನು ಕಳೆದರೆ ಸಾಕು, 500 ಕೂಡಿಕೆಗಳ ಒಂದೇ ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ.

ಆ ಕಳೆಯುವ ಪದಗಳಲ್ಲಿ ನಾಲ್ಮಡಿ ಕೋನದ ಬಾಣಗಳ ಮೊತ್ತ ಬರುವ ಒಂದನ್ನು ನಾನು ಬಿಟ್ಟಿದ್ದೆ. ಪತ್ತೆಹಚ್ಚಲು ಕೇವಲ 8 ಕಣಗಳ ಡಿಕ್ಕಿಯೊಂದನ್ನು ಮಾಡಿ, ಅದರ 1,680 ಗುಂಪುಗಳನ್ನು ನಾಲ್ಕು ಲೂಪ್‌ಗಳಲ್ಲಿ ನೇರವಾಗಿ ಎಣಿಸಿ ಹೋಲಿಸಿದೆ. ತಿದ್ದಿದ ಮೇಲೆ ಎರಡೂ ಉತ್ತರಗಳು ಕೊನೆಯ ಅಂಕಿಯವರೆಗೆ ಕೂಡಿಬಂದವು.

ಫಲಿತಾಂಶ: ಹರಿವಿಲ್ಲದ ಜೋಡಿಗಳಿಗೆ ಕಾಗದದ ಮೇಲಿನ ಲೆಕ್ಕದಲ್ಲಿ ಕ್ಯುಮುಲೆಂಟ್ 0.000000032 ಮಾತ್ರ ಆಗುತ್ತದೆ. ಒಂದು ಲಕ್ಷ ಡಿಕ್ಕಿಗಳನ್ನು ಓಡಿಸಿದರೂ ನನ್ನ ಅನಿಶ್ಚಿತತೆ ಅದರ ಸುಮಾರು ಮೂರು ಪಟ್ಟು ಇರುವುದರಿಂದ ನನಗೆ ಕಂಡದ್ದು ಸೊನ್ನೆಯೇ. 0.06ರ ಹರಿವು ಕೊಡುವ ಬೆಲೆಯ ಪರಿಮಾಣ ಇದರ 400 ಪಟ್ಟು. ಜೋಡಿಗಳು ಎರಡು ಕಣಗಳ ವಿಧಾನದಲ್ಲಿ ಹಾಕಿದ್ದ ವೇಷ ಇಲ್ಲಿ ಕಳಚಿತು.

ಜುಲೈ 20

ಪ್ರತಿ ಡಿಕ್ಕಿಯಲ್ಲೂ ವಿ2 ಒಂದೇ ಇರಬೇಕಿಲ್ಲ ಎಂಬುದನ್ನು ಸೇರಿಸಿದೆ: ಸರಾಸರಿ 0.06, ಅದರ ಸುತ್ತ 30 ಪ್ರತಿಶತ ಏರುಪೇರು. ಜೋಡಿಗಳನ್ನು ತೆಗೆದುಹಾಕಿದ್ದರೂ ಎರಡು ಕಣಗಳ ವಿಧಾನ 0.063 ಎಂದೂ ನಾಲ್ಕು ಕಣಗಳ ವಿಧಾನ 0.057 ಎಂದೂ ಹೇಳುತ್ತವೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಏರುಪೇರು ಮೊದಲನೆಯದನ್ನು ಮೇಲಕ್ಕೂ ಎರಡನೆಯದನ್ನು ಕೆಳಕ್ಕೂ ತಳ್ಳುತ್ತದೆ, ಮತ್ತು ಅವುಗಳ ನಡುವಿನ ಅಂತರದಿಂದಲೇ ಏರುಪೇರಿನ ಅಳತೆ ಸಿಗುತ್ತದೆ. ಜೂನ್ ತಿಂಗಳಲ್ಲಿ ಬದಿಗಿಟ್ಟ ಗ್ಲೌಬರ್ ಭಾಗವನ್ನು ಮುಂದೆ ಇಲ್ಲಿಗೇ ಜೋಡಿಸಬೇಕು.

ಆಗಸ್ಟ್ 10

ನಾಲ್ಕು ಕಣಗಳ ವಿಧಾನವನ್ನು ನಾನು ಅತಿಯಾಗಿ ನಂಬಿದ್ದೆ. ಶೋಧಕದ ಒಂದು ಭಾಗ ಕೆಟ್ಟುಹೋದಂತೆ 30 ಡಿಗ್ರಿಗಳ ಒಂದು ತುಂಡನ್ನು ಖಾಲಿ ಬಿಟ್ಟು, ಹರಿವನ್ನು ಸೊನ್ನೆ ಮಾಡಿ ಓಡಿಸಿದಾಗ, ಎರಡು ಕಣಗಳ ವಿಧಾನ 0.087 ಎಂದಿತು, ನಾಲ್ಕು ಕಣಗಳದ್ದೂ 0.087 ಎಂದೇ ಹೇಳಿತು. ಎರಡು ದಿನ ಪ್ರೋಗ್ರಾಮನ್ನೇ ಅನುಮಾನಿಸಿದೆ. ಪ್ರೋಗ್ರಾಮ್ ಸರಿಯಾಗಿಯೇ ಇತ್ತು. ಆ ಖಾಲಿ ಜಾಗ ಎಲ್ಲ ಕಣಗಳಿಗೂ ಸಮಾನವಾಗಿ ಅನ್ವಯಿಸುತ್ತದೆ, ಅಂದರೆ ಗಣಿತದ ದೃಷ್ಟಿಯಲ್ಲಿ ಅದು ಅಪ್ಪಟ ಸಾಮೂಹಿಕ ಸಂಬಂಧ. ಆರು ಅಥವಾ ಎಂಟು ಕಣಗಳಿಗೆ ಹೋದರೂ ಅದೇ ಉತ್ತರ ಬರಬೇಕು.

ಬಿಡಿಸುವ ಎಳೆ ಒಂದೇ: ಬಾದಾಮಿಯ ದಿಕ್ಕು ಡಿಕ್ಕಿಯಿಂದ ಡಿಕ್ಕಿಗೆ ತಿರುಗುತ್ತದೆ, ಶೋಧಕದ ತೂತು ತಿರುಗುವುದಿಲ್ಲ. ಆದ್ದರಿಂದ ಎಲ್ಲ ಡಿಕ್ಕಿಗಳ ಕ್ಯೂ ಸದಿಶಗಳ ಸರಾಸರಿಯಲ್ಲಿ ಹರಿವು ಅಳಿದು ತೂತಿನ ಪಾಲು ಮಾತ್ರ ಉಳಿಯುತ್ತದೆ, ಅದನ್ನು ಕಳೆಯಬಹುದು. ನಿನ್ನೆ ರಾತ್ರಿ ಎರಡು ಕಣಗಳ ಲೆಕ್ಕಕ್ಕೆ ಈ ತಿದ್ದುಪಡಿಯನ್ನು ಹಾಕಿದೆ. ಸುಳ್ಳು ಹರಿವು ಅನಿಶ್ಚಿತತೆಯ ಮಿತಿಯೊಳಗೆ ಸೊನ್ನೆಗೆ ಇಳಿಯಿತು. ನಾಲ್ಕು ಕಣಗಳ ತಿದ್ದುಪಡಿಯಲ್ಲಿ ಪದಗಳು ಬಹಳ ಹೆಚ್ಚು. ಅವುಗಳನ್ನು ಒಂದೊಂದಾಗಿ ಬರೆಯುತ್ತ, ಮತ್ತೆ ಅದೇ 8 ಕಣಗಳ ಡಿಕ್ಕಿಯೊಂದಿಗೆ ಹೋಲಿಸುತ್ತಿದ್ದೇನೆ.