ಗ್ರೇಟ್ ಜಿಂಬಾಬ್ವೆ ಕಟ್ಟಿದವರು ಯಾರು?

ಆಫ್ರಿಕಾದ ಜಿಂಬಾಬ್ವೆ ದೇಶದಲ್ಲಿರುವ ಹಳೆಯ ಕಲ್ಲಿನ ನಗರ, ಗ್ರೇಟ್ ಜಿಂಬಾಬ್ವೆಯ ಫೋಟೋ ತೋರಿಸಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಇಷ್ಟು ದೊಡ್ಡ ಕಲ್ಲಿನ ಊರನ್ನು ಅಲ್ಲಿನವರೇ ಕಟ್ಟಿದ್ರಾ? ಹೊರಗಿನವರು ಯಾರೋ ಬಂದಿರಬೇಕು ಅಲ್ವಾ?"

ಅಲ್ಲಿನವರೇ ಕಟ್ಟಿದ್ದು. ಇವತ್ತಿನ ಶೋನಾ ಜನರ ಹಿರಿಯರು, 11ರಿಂದ 15ನೇ ಶತಮಾನದ ನಡುವೆ.

ಮಸ್ವಿಂಗೊ ಪಟ್ಟಣದಿಂದ ಅಲ್ಲಿಗೆ ಹೋಗುವಾಗ ಸುತ್ತಲಿನ ಗ್ರಾನೈಟ್ ಗುಡ್ಡಗಳನ್ನು ನೋಡಿ. ಹಗಲಿನ ಬಿಸಿಲು, ರಾತ್ರಿಯ ಚಳಿಗೆ ಬಂಡೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಆ ಚಪ್ಪಡಿಗಳನ್ನೇ ಒಡೆದು, ಗಾರೆ ಇಲ್ಲದೆ, ಸಾಲಿನ ಮೇಲೆ ಸಾಲು ಜೋಡಿಸಿದ್ದಾರೆ. ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವು ಕಡೆ 11 ಮೀಟರ್. ಮೂಲೆಗಳೇ ಇಲ್ಲ, ಗೋಡೆ ಬಳುಕುತ್ತಾ ಸಾಗುತ್ತದೆ. ಬೆಟ್ಟದ ಮೇಲಂತೂ ಅಡ್ಡ ಬಂದ ಬಂಡೆಯನ್ನು ಯಾರೂ ಒಡೆದಿಲ್ಲ, ಅದನ್ನೂ ಗೋಡೆಗೆ ಸೇರಿಸಿಕೊಂಡಿದ್ದಾರೆ. ಆ ಕಲ್ಲಿನ ಗುಣ ತಲೆಮಾರುಗಳಿಂದ ಗೊತ್ತಿದ್ದವರ ಕೆಲಸ ಅದು.

ಮತ್ತೆ ಈ ಅನುಮಾನ ಎಲ್ಲಿಂದ ಬಂತು? 1871ರಲ್ಲಿ ಅಲ್ಲಿಗೆ ಹೋದ ಜರ್ಮನಿಯ ಕಾರ್ಲ್ ಮೌಖ್, ಇದಕ್ಕೆ ಬೈಬಲ್‌ನಲ್ಲಿ ಬರುವ ಶೇಬಾ ರಾಣಿಯ ಕಥೆ ಜೋಡಿಸಿದ. ಆಮೇಲೆ ಈ ಜಾಗ ನೋಡಿಕೊಳ್ಳಲು ನೇಮಕವಾದ ರಿಚರ್ಡ್ ಹಾಲ್, ಅಲ್ಲಿನ ಜನ ಬದುಕಿದ್ದ ಗುರುತುಗಳಿದ್ದ ಮಣ್ಣನ್ನೇ ಅಗೆದು ಎಸೆದ. ನನಗೆ ಇವತ್ತಿಗೂ ಸಂಕಟವಾಗುವ ವಿಷಯ ಇದು. ಪುರಾತತ್ವಜ್ಞರಾದ ರಾಂಡಲ್ ಮ್ಯಾಕೈವರ್ 1905ರಲ್ಲಿ, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಉತ್ಖನನ ಮಾಡಿ, ಇದು ಆಫ್ರಿಕನ್ನರದ್ದೇ ಎಂದು ಸ್ಪಷ್ಟವಾಗಿ ಹೇಳಿದರು. ಆದರೂ ರೊಡೇಶಿಯಾದ (ಜಿಂಬಾಬ್ವೆಗೆ ಆಗ ಇದ್ದ ಹೆಸರು) ಬಿಳಿಯರ ಸರ್ಕಾರ 1970ರ ದಶಕದವರೆಗೂ ಅದನ್ನು ಒಪ್ಪಲಿಲ್ಲ. ಯಾರ ನೆಲ ಕಿತ್ತುಕೊಂಡಿದ್ದರೋ, ಆ ಜನರ ಹಿರಿಯರು ನಗರ ಕಟ್ಟಿದ್ದರು ಅಂತ ಒಪ್ಪುವುದು ಅವರಿಗೆ ಕಷ್ಟವಿತ್ತು. ನಾವು ಸುಮ್ನೆ ಕೇಳುವ ಪ್ರಶ್ನೆಯ ಬೇರು ಅಲ್ಲಿದೆ.

ಚೀನಾದ ಪಿಂಗಾಣಿ, ಭಾರತದ ಗಾಜಿನ ಮಣಿ ಅಲ್ಲಿ ಸಿಕ್ಕಿವೆ, ನಿಜ. ಚಿನ್ನ, ಆನೆದಂತ ಕರಾವಳಿಯ ಸೊಫಾಲಾ ಬಂದರಿನ ಕಡೆಗೆ ಹೋಗುತ್ತಿತ್ತು, ಈ ಸಾಮಾನು ವ್ಯಾಪಾರದಲ್ಲಿ ಬರುತ್ತಿತ್ತು.

ಹೋಗುವವರಿದ್ದರೆ, ಬಿಸಿಲೇರುವ ಮುಂಚೆ ಬೆಟ್ಟ ಹತ್ತಿ. ಆಮೇಲೆ ಮ್ಯೂಸಿಯಂನಲ್ಲಿ ಬಳಪದ ಕಲ್ಲಿನ ಹಕ್ಕಿಗಳನ್ನು ನೋಡಿ, ದೇಶದ ಬಾವುಟದಲ್ಲಿರುವುದು ಅದೇ ಹಕ್ಕಿ. ದೊಡ್ಡ ಆವರಣಕ್ಕೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಫೋಟೋಗಾಗಿ ಗೋಡೆ ಮಾತ್ರ ಹತ್ತಬೇಡಿ. ಗಾರೆ ಇಲ್ಲದ ಗೋಡೆ, ಒಂದು ಕಲ್ಲು ಜಾರಿದರೆ ಪಕ್ಕದ್ದೂ ಸಡಿಲವಾಗುತ್ತದೆ.